ಆರಿದ ಡಿಕಾಕ್ಷನ್ ಕೋಲ್ಡ್ ಬ್ರೂ ಆಗದು

ಮುಂಬಯಿ, ಪುಣೆ, ದೆಹಲಿಯ ಕಾಫಿ ಶಾಪ್‌ಗಳಲ್ಲಿ 'ಕೋಲ್ಡ್ ಬ್ರೂ' ಈಗ ಕಾಯಂ ಐಟಂ. ಇಡ್ಲಿ-ವಡೆಗೆ ನಮ್ಮಲ್ಲಿಗೇ ಬರುವ ಆಫೀಸಿನ ಹುಡುಗರು ತಿಂಡಿ ಮುಗಿಸಿ ಕಾಫಿಗೆ ಪಕ್ಕದ ಅಂಗಡಿಗೆ ಹೋಗುವುದನ್ನು ನಾವು ಗಲ್ಲೆಯಲ್ಲಿ ಕುಳಿತೇ ನೋಡುತ್ತಿದ್ದೇವೆ. ಈ ಬೇಡಿಕೆ ಕಂಡು ನಮ್ಮವರಲ್ಲಿ ಕೆಲವರು ಬೆಳಗ್ಗೆ ಉಳಿದ ಡಿಕಾಕ್ಷನ್‌ಗೆ ಐಸ್ ಹಾಕಿ ಅದೇ ಹೆಸರಿನಲ್ಲಿ ಮಾರತೊಡಗಿದ್ದಾರೆ. ಇದು ಸರಿಯಲ್ಲವೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಫಿಲ್ಟರ್ ಕಾಫಿಯಿಂದ ಹೆಸರು ಗಳಿಸಿದವರು ನಾವು. ಕಾಫಿಯ ವಿಷಯದಲ್ಲೇ ಗಿರಾಕಿಯ ವಿಶ್ವಾಸ ಕಳೆದುಕೊಂಡರೆ ಉಳಿಯುವುದೇನು?

ತರಿಯಾಗಿ ಬೀಸಿದ ಪುಡಿಯನ್ನು ತಣ್ಣೀರಿನಲ್ಲಿ 12ರಿಂದ 24 ತಾಸು ನೆನೆಸಿ ಸೋಸಿದ್ದೇ ಕೋಲ್ಡ್ ಬ್ರೂ. ಬಿಸಿ ತಾಗದ್ದರಿಂದ ಕಹಿ, ಹುಳಿ ಕಡಿಮೆ. ಫಿಲ್ಟರ್ ಕಾಫಿಯ ಘಮವೂ ಕಡಿಮೆಯೇ, ಅದನ್ನೂ ಹೇಳಬೇಕು.

ಇದು ನಿನ್ನೆ ಮೊನ್ನೆ ಹುಟ್ಟಿದ್ದೇನೂ ಅಲ್ಲ. ಜಪಾನಿನ ಕ್ಯೋಟೋದಲ್ಲಿ ಗಾಜಿನ ಪಾತ್ರೆಯಿಂದ ತಣ್ಣೀರನ್ನು ಹನಿಹನಿಯಾಗಿ ಪುಡಿಯ ಮೇಲೆ ಇಳಿಸುವ ಕಾಫಿ ಹೆಸರುವಾಸಿ. ಜಪಾನಿನಲ್ಲಿ ಇದಕ್ಕೆ 'ಡಚ್ ಕಾಫಿ' ಎಂಬ ಹೆಸರೂ ಉಂಟು. ಡಚ್ ನಾವಿಕರು ಹಡಗಿನಲ್ಲಿ ಬೆಂಕಿ ಹಚ್ಚದೆ ಹೀಗೆ ಮಾಡಿಕೊಳ್ಳುತ್ತಿದ್ದರು ಎಂಬ ಕತೆ ಸೊಗಸಾಗಿದೆ, ದಾಖಲೆ ಮಾತ್ರ ತೆಳು. 1964ರಲ್ಲಿ ಅಮೆರಿಕದ ಟಾಡ್ ಸಿಂಪ್ಸನ್ ಇದಕ್ಕೆಂದೇ 'ಟಾಡಿ' ಎಂಬ ಸರಳ ಸಾಧನ ತಯಾರಿಸಿದರು. 2015ರಲ್ಲಿ ಸ್ಟಾರ್‌ಬಕ್ಸ್ ತನ್ನ ಅಮೆರಿಕದ ಅಂಗಡಿಗಳಲ್ಲಿ ತಂದ ಮೇಲೆ ಹೆಸರು ಎಲ್ಲೆಡೆ ಹಬ್ಬಿತು.

ನಮಗೆ ಇವೆಲ್ಲಕ್ಕಿಂತ ಹತ್ತಿರದ್ದು ಅದೇ ಅಮೆರಿಕದ ನ್ಯೂ ಓರ್ಲಿಯನ್ಸ್ ಊರಿನ ಪದ್ಧತಿ. ಅಲ್ಲಿ ಕಾಫಿಗೆ ಚಿಕೋರಿ ಬೆರೆಸುತ್ತಾರೆ. ಫ್ರೆಂಚರಿಂದ ಬಂದ ಈ ರೂಢಿ 1860ರ ದಶಕದ ಅಂತರ್ಯುದ್ಧದಲ್ಲಿ ಕಾಫಿ ಬೀಜ ಸಿಗದಾದಾಗ ಇನ್ನೂ ಗಟ್ಟಿಯಾಯಿತು. ಆ ಚಿಕೋರಿ ಕಾಫಿಯನ್ನು ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿ, ಬೆಳಗ್ಗೆ ಸೋಸಿ, ಹಾಲು-ಸಕ್ಕರೆ ಬೆರೆಸಿ ಐಸ್ ಮೇಲೆ ಕೊಡುತ್ತಾರೆ. ಚಿಕೋರಿ, ಹಾಲು, ಸಕ್ಕರೆ: ಇದರಲ್ಲಿ ನಮ್ಮಲ್ಲಿಲ್ಲದ್ದು ಯಾವುದಿದೆ? ದೇಶದ ಕಾಫಿಯಲ್ಲಿ ಸುಮಾರು 70 ಪಾಲು ಬೆಳೆಯುವುದೂ ನಮ್ಮ ಕರ್ನಾಟಕದಲ್ಲೇ. ಯಂತ್ರ ಬೇಡ, ಸ್ಟೀಲ್ ಡಬರಿ, ಬಟ್ಟೆ, ಫ್ರಿಜ್ ಸಾಕು. ಪುಡಿ ಮಾತ್ರ ದಪ್ಪ ಇಡ್ಲಿ ರವೆಯಷ್ಟು ತರಿಯಿರಲಿ. ಫಿಲ್ಟರ್‌ನ ನುಣ್ಣನೆ ಪುಡಿ ಹಾಕಿದರೆ ಬಟ್ಟೆ ಕಟ್ಟಿ, ಲೋಟದಡಿ ಗಸಿ ನಿಲ್ಲುತ್ತದೆ.

ಲೆಕ್ಕ ಮೊದಲೇ ಹಾಕಿಕೊಳ್ಳಿ. ಒಂದು ಕಿಲೋ ಪುಡಿಗೆ 8 ಲೀಟರ್ ನೀರು ಹಾಕಿದರೆ ಪುಡಿ ಸುಮಾರು 2 ಲೀಟರ್ ಕುಡಿದು, ಕೈಗೆ 6 ಲೀಟರ್ ಬರುತ್ತದೆ. ಲೋಟಕ್ಕೆ 150 ಮಿಲಿಯಂತೆ 40 ಲೋಟ, ಅಂದರೆ ಲೋಟಕ್ಕೆ 25 ಗ್ರಾಂ ಪುಡಿ. ನಮ್ಮ ಫಿಲ್ಟರ್ ಕಾಫಿಗೆ ಬೀಳುವುದಕ್ಕಿಂತ ಇದು ಬಹಳ ಹೆಚ್ಚು. 2024ರಲ್ಲಿ ಬೀಜದ ದರ ದಾಖಲೆ ಮುಟ್ಟಿದ್ದನ್ನು ಯಾರೂ ಮರೆತಿಲ್ಲ. ಆದ್ದರಿಂದ ಫಿಲ್ಟರ್ ಕಾಫಿಯ ರೇಟಿಗೇ ಇದನ್ನು ಕೊಡಲು ಹೊರಟರೆ ನಷ್ಟ ಖಂಡಿತ. ಕಾಫಿ ಶಾಪಿನವರ ರೇಟೂ ಬೇಡ. ನಡುವೆ ಬೇಕಾದಷ್ಟು ಜಾಗವಿದೆ.

ಶುಚಿತ್ವದ ಮಾತು ಎಲ್ಲಕ್ಕಿಂತ ಮುಖ್ಯ. ಕುದಿಯುವ ನೀರು ಕ್ರಿಮಿಗಳನ್ನು ಕೊಲ್ಲುತ್ತದೆ, ಇಲ್ಲಿ ಆ ರಕ್ಷಣೆ ಇಲ್ಲ. ಕುದಿಸಿ ಆರಿಸಿದ ನೀರನ್ನೇ ಬಳಸಿ. ಚೆನ್ನೈ, ಹೈದರಾಬಾದಿನ ಸೆಕೆಯಲ್ಲಿ ಡಬರಿಯನ್ನು ಅಡಿಗೆಮನೆಯ ಮೂಲೆಯಲ್ಲಿ ರಾತ್ರಿಯಿಡೀ ಬಿಡುವುದು ಬೇಡ, ಫ್ರಿಜ್‌ನಲ್ಲೇ ನೆನೆಯಲಿ. ಹೊತ್ತು ತುಸು ಹೆಚ್ಚು ಹಿಡಿದೀತು, ಅಷ್ಟೇ. ಸೋಸಿದ್ದನ್ನು 5 ಡಿಗ್ರಿಯೊಳಗೆ ಇಟ್ಟು ಮೂರು ದಿನದಲ್ಲಿ ಖರ್ಚು ಮಾಡಿ, ಪಾತ್ರೆಗೆ ತಾರೀಕಿನ ಚೀಟಿ ಅಂಟಿಸಿ. ಬಾಟಲಿಗೆ ಸೀಲು ಹಾಕಿ ಮಾರುವ ಆಸೆ ಸದ್ಯಕ್ಕೆ ಬೇಡ. ಗಾಳಿಯಾಡದ ಡಬ್ಬಿಯಲ್ಲಿ ಬಾಟುಲಿಸಂ ವಿಷ ಹುಟ್ಟಬಹುದೆಂಬ ಭಯದಿಂದ 2017ರಲ್ಲಿ ಅಮೆರಿಕದ ಕಂಪನಿಯೊಂದು ತನ್ನ ಕೋಲ್ಡ್ ಬ್ರೂ ಡಬ್ಬಿಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದಿತ್ತು.

ಚಿಕೋರಿ ಹಾಕಿದ್ದರೆ ಹಾಕಿದ್ದೇವೆಂದು ಮೆನುವಿನಲ್ಲೇ ಬರೆಯೋಣ, ನಾಚಿಕೆ ಏನಿಲ್ಲ. ಇಷ್ಟೆಲ್ಲ ಉಸಾಬರಿ ಬೇಡವೆನ್ನುವ ಬಂಧುಗಳು ಡಿಕಾಕ್ಷನ್‌ಗೆ ಐಸ್ ಹಾಕಿಯೇ ಮಾರಲಿ, ಆದರೆ ಬೋರ್ಡಿನಲ್ಲಿ 'ಐಸ್ ಕಾಫಿ' ಎಂದು ಬರೆಯಲಿ.