ಒಂದೇ ವಿಷಯದ ಮೇಲೆ ಓಟು ಹಾಕಬಹುದೆ?



ಚುನಾವಣೆ ಹತ್ತಿರ ಬಂದಾಗಲೆಲ್ಲ ಪಟ್ಟಣದ ವಿದ್ಯಾವಂತರು ನಮಗೊಂದು ಬುದ್ಧಿವಾದ ಹೇಳುತ್ತಾರೆ. “ನೀವು ರೈತರು ಬರೀ ನೀರು, ಬರೀ ಬೆಲೆ, ಬರೀ ಸಾಲ ಅಂತ ಒಂದನ್ನೇ ಹಿಡಿದುಕೊಂಡು ಓಟು ಹಾಕಬೇಡಿ. ಶಾಲೆ, ಆಸ್ಪತ್ರೆ, ರಸ್ತೆ, ಕಾನೂನು ಎಲ್ಲವನ್ನೂ ತೂಗಿ ನೋಡಿ” ಅಂತ. ಕೇಳುವುದಕ್ಕೆ ಮಾತು ಚೆನ್ನಾಗಿದೆ. ಆದರೆ ಹೀಗೆ ಹೇಳುವವರು ತಾವು ಹೇಗೆ ಓಟು ಹಾಕುತ್ತಾರೆ ಅಂತ ವಿಚಾರಿಸಿ ನೋಡಿ. ಅಭ್ಯರ್ಥಿ ಯಾವ ಜಾತಿ ಅನ್ನುವುದು ಎಷ್ಟು ವಿಷಯ? ಒಂದೇ. ಹಿಂದಿನ ರಾತ್ರಿ ಮನೆ ಬಾಗಿಲಿಗೆ ಬಂದ ನೋಟು ಎಷ್ಟು ವಿಷಯ? ಅದೂ ಒಂದೇ. ಜಾತಿ ನೋಡಿ ಓಟು ಹಾಕಿದರೆ ಲೋಕರೂಢಿ, ನೀರು ನೋಡಿ ಓಟು ಹಾಕಿದರೆ ಸಂಕುಚಿತ ಬುದ್ಧಿ! ಇದು ಯಾವ ನ್ಯಾಯ?

ನನ್ನ ವಾದ ಇಷ್ಟೆ. ಒಂದೇ ವಿಷಯದ ಮೇಲೆ ಓಟು ಹಾಕುವುದು ತಪ್ಪಲ್ಲ. ಆದರೆ ಆ ಒಂದು ವಿಷಯ ಯಾವುದು ಅಂತ ಆರಿಸುವಾಗ ಎಚ್ಚರ ತಪ್ಪಿದರೆ ಐದು ವರ್ಷ ನೆಲ ನೋಡಬೇಕಾಗುತ್ತದೆ.

ನಮ್ಮ ಗೌರಿಬಿದನೂರು ತಾಲ್ಲೂಕಿನವರಿಗೆ ಇದನ್ನು ಬೇರೆಯವರು ಕಲಿಸಬೇಕಾಗಿಲ್ಲ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಜನ ಸೇರಿದ್ದು ಒಂದೇ ವಿಷಯಕ್ಕೆ, ಬಾವುಟಕ್ಕೆ. ಒಂದು ತುಂಡು ಬಟ್ಟೆಗೆ ಯಾಕಪ್ಪ ಪ್ರಾಣ ಕೊಡಬೇಕು ಅಂತ ಅಂದೂ ಕೇಳಿದ ಬುದ್ಧಿವಂತರು ಇದ್ದಿರಬಹುದು. ಆದರೆ ಆ ಬಾವುಟದೊಳಗೆ ಸಭೆ ಸೇರುವ ಹಕ್ಕಿತ್ತು, ಮಾತಾಡುವ ಹಕ್ಕಿತ್ತು, ಜವಾಬ್ದಾರಿ ಸರ್ಕಾರದ ಬೇಡಿಕೆಯಿತ್ತು. ಪೊಲೀಸರ ಗುಂಡಿಗೆ ಬಿದ್ದವರ ಕಾಲದಲ್ಲಿ ಎಲ್ಲರಿಗೂ ಓಟಿರಲಿಲ್ಲ. ಇವತ್ತು ಇದೆ.

1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಎದ್ದದ್ದೂ ಒಂದೇ ಮಾತು, ಮಲಪ್ರಭಾ ಯೋಜನೆಯ ಬೆಟರ್‌ಮೆಂಟ್ ಲೆವಿ. ನೀರು ಸರಿಯಾಗಿ ಬಾರದ ಜಮೀನಿಗೂ ಕರ ಕಟ್ಟು ಅಂದರು. ರೈತರು ಎದ್ದರು, ಗುಂಡು ಹಾರಿತು. 1983ರ ಚುನಾವಣೆಯಲ್ಲಿ ಕರ್ನಾಟಕದಲ್ಲಿ ಕಾಂಗ್ರೆಸ್ ಮೊದಲ ಸಲ ಅಧಿಕಾರ ಕಳೆದುಕೊಂಡಿತು, ಮುಖ್ಯಮಂತ್ರಿ ಗುಂಡೂರಾಯರು ತಮ್ಮ ಕ್ಷೇತ್ರದಲ್ಲೇ ಸೋತರು. ಅದಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ರೈತನ ಸಿಟ್ಟನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಪಕ್ಷ ಅಂದಿನಿಂದ ಈ ರಾಜ್ಯದಲ್ಲಿ ಇಲ್ಲ. ಅಂದಮೇಲೆ ಒಂದು ವಿಷಯಕ್ಕೆ ಬಲವಿಲ್ಲ ಅನ್ನುವುದು ಸುಳ್ಳು.

ಹಾಗಾದರೆ ಯಾವ ವಿಷಯ? ಮೂರು ಪ್ರಶ್ನೆ ಕೇಳಿ. ಅದು ಬೇರೋ, ಕೊಂಬೆಯೋ? ಅದರಿಂದ ಇಡೀ ಊರಿಗೆ ಒಳ್ಳೆಯದೋ, ಪಹಣಿ ಇರುವ ನಮ್ಮಂಥವರಿಗೆ ಮಾತ್ರವೋ? ಅದು ಆಯಿತೋ ಇಲ್ಲವೋ ಅಂತ ಅಳೆದು ನೋಡಬಹುದೋ, ಬರೀ ಬಾಯಿಮಾತೋ?

ಈಗ ನಮ್ಮವರೇ ಬಹಳ ಜನ ಹಿಡಿದುಕೊಂಡಿರುವ ವಿಷಯವನ್ನು ಈ ಮೂರು ಪ್ರಶ್ನೆಗೆ ಒಡ್ಡಿ ನೋಡೋಣ. “ಸಾಲ ಮನ್ನಾ ಮಾಡುವವರಿಗೇ ನಮ್ಮ ಓಟು.” ಕೋಪ ಮಾಡಿಕೊಳ್ಳಬೇಡಿ, ನಾನು ಸಾಲ ಮನ್ನಾದ ವಿರೋಧಿಯಲ್ಲ. ಬೆಳೆಗೆ ಸರಿಯಾದ ಬೆಲೆ ಕೊಡದವರು ಸಾಲವನ್ನು ಬಡ್ಡಿ ಸಮೇತ ಕೇಳುವ ಹಕ್ಕನ್ನೂ ಕಳೆದುಕೊಳ್ಳುತ್ತಾರೆ ಅನ್ನುವ ನಮ್ಮ ಹಳೆಯ ವಾದ ಇವತ್ತೂ ನಿಜ. ಆದರೆ ಲೆಕ್ಕ ನೋಡಿ. 1990ರಲ್ಲಿ ವಿ.ಪಿ. ಸಿಂಗ್ ಸರ್ಕಾರ 10,000 ರೂಪಾಯಿವರೆಗೆ ಮನ್ನಾ ಮಾಡಿತು. 2008ರಲ್ಲಿ ದೆಹಲಿ ಬಜೆಟ್ಟಿನಲ್ಲಿ 60,000 ಕೋಟಿ ಅಂತ ಘೋಷಣೆಯಾಯಿತು. ಅದನ್ನು ತಪಾಸಣೆ ಮಾಡಿದ ಸಿ.ಎ.ಜಿ. 2013ರಲ್ಲಿ ಕೊಟ್ಟ ವರದಿಯಲ್ಲಿ, ನೋಡಿದ ಖಾತೆಗಳಲ್ಲಿ ನೂರಕ್ಕೆ ಇಪ್ಪತ್ತೆರಡಕ್ಕೂ ಹೆಚ್ಚಿನವುಗಳಲ್ಲಿ ಲೋಪವಿದೆ ಅಂತ ಹೇಳಿತು. ಅರ್ಹರು ಬಿಟ್ಟುಹೋಗಿದ್ದರು, ಅನರ್ಹರು ಸೇರಿಕೊಂಡಿದ್ದರು. 2017ರಲ್ಲಿ ರಾಜ್ಯದಲ್ಲಿ ಸಹಕಾರ ಸಂಘಗಳ ಸಾಲ 50,000ದವರೆಗೆ. 2018ರಲ್ಲಿ ಮತ್ತೆ, ಸಹಕಾರ ಸಂಘದ ಸಾಲಕ್ಕೆ 1 ಲಕ್ಷ, ಬ್ಯಾಂಕಿನದಕ್ಕೆ 2 ಲಕ್ಷ, ಅದೂ ಬೆಳೆಸಾಲಕ್ಕೆ ಮಾತ್ರ.

ಇಷ್ಟು ಸಲ ಮನ್ನಾ ಆದಮೇಲೂ ನಮ್ಮ ಸಾಲ ತೀರಿದೆಯೆ? ತೀರಿಲ್ಲ. ಯಾಕೆ? ನಮ್ಮ ಸೀಮೆಯ ರೈತನ ದೊಡ್ಡ ಸಾಲ ಬೆಳೆಸಾಲವೇ ಅಲ್ಲ, ಬೋರ್‌ವೆಲ್ ಸಾಲ. ಸಾವಿರ ಅಡಿ, ಸಾವಿರದೈನೂರು ಅಡಿ ಕೊರೆಸಿ, ಕೇಸಿಂಗು, ಮೋಟಾರು, ಕೇಬಲ್ಲು ಅಂತ ಲಕ್ಷಗಟ್ಟಲೆ ಸುರಿದು, ಧೂಳು ಮಾತ್ರ ಬಂದರೆ ಆ ದುಡ್ಡು ಎಲ್ಲಿಂದ ಬರಬೇಕು? ಹೆಂಡತಿಯ ಒಡವೆ ಅಡವಿಟ್ಟು, ನೂರಕ್ಕೆ ಮೂರು ರೂಪಾಯಿ ತಿಂಗಳ ಬಡ್ಡಿಗೆ ಕೈಸಾಲ ತಂದು. ಈ ಸಾಲ ಬೆಳೆಸಾಲದ ಯಾವ ಮನ್ನಾದ ಪಟ್ಟಿಗೂ ಬರುವುದಿಲ್ಲ. ನಮ್ಮ ಹೊಲಕ್ಕೆ ಕೂಲಿಗೆ ಬರುವವನ ಸಾಲವೂ ಬರುವುದಿಲ್ಲ, ಜಮೀನು ವಾರಕ್ಕೆ ಮಾಡುವವನದೂ ಬರುವುದಿಲ್ಲ. ಸಾಲ ಮನ್ನಾ ಕೊಂಬೆ. ಕೊಂಬೆ ಕಡಿದರೆ ಮತ್ತೆ ಚಿಗುರುತ್ತದೆ. ಬೇರು ಎರಡು, ನೀರು ಮತ್ತು ಬೆಲೆ.

ನೀರಿನ ಮಾತು ತೆಗೆದುಕೊಳ್ಳಿ. ನಂದಿಬೆಟ್ಟದ ಸಾಲಿನಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ ಹುಟ್ಟುತ್ತವೆ. ಅದರ ಬುಡದಲ್ಲಿರುವ ನಮಗೆ ವರ್ಷವಿಡೀ ಹರಿಯುವ ಒಂದು ಹೊಳೆಯಿಲ್ಲ. ಆಳದಿಂದ ಎತ್ತಿದ ನೀರಿನಲ್ಲಿ ಫ್ಲೋರೈಡು. ಈ ಒಂದು ಮಾತಿನ ಮೇಲೆ ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಯ ಜನ ಪಕ್ಷ ಬಿಟ್ಟು ಒಂದಾದರು. 2016ರ ಮಾರ್ಚ್‌ನಲ್ಲಿ ಟ್ರ್ಯಾಕ್ಟರುಗಳಲ್ಲಿ ಬೆಂಗಳೂರಿಗೆ ಹೊರಟರು, ಲಾಠಿ ಏಟು ತಿಂದರು. ನೀರು ಇಡೀ ಊರಿಗೆ ಬೇಕಾದದ್ದು. ಕೂಲಿಯವನ ಮಗು ಕುಡಿಯುವುದೂ ಅದೇ ನೀರು.

ಆದರೆ ಮೂರನೆಯ ಪ್ರಶ್ನೆಯಲ್ಲಿ ನಮ್ಮನ್ನು ಆಟ ಆಡಿಸಿದರು. ನಾವು ಕೇಳಿದ್ದು ಶಾಶ್ವತ ನೀರಾವರಿ. ಅವರು ತೋರಿಸಿದ್ದು ಎತ್ತಿನಹೊಳೆ. 2014ರ ಮಾರ್ಚ್‌ನಲ್ಲಿ, ಲೋಕಸಭಾ ಚುನಾವಣೆ ಬಾಗಿಲಲ್ಲಿದ್ದಾಗ, ಚಿಕ್ಕಬಳ್ಳಾಪುರದ ಬಳಿ ಅಡಿಗಲ್ಲು ಹಾಕಿದರು. ಕಾಗದ ತೆಗೆದು ಓದಿ, ಅದು ಕುಡಿಯುವ ನೀರಿನ ಯೋಜನೆ. ಏಳು ಜಿಲ್ಲೆಗೆ ಸೇರಿ 24.01 ಟಿ.ಎಂ.ಸಿ. ಅದರಲ್ಲಿ 14 ಟಿ.ಎಂ.ಸಿ. ಚಿಲ್ಲರೆ ಕುಡಿಯಲು, ಉಳಿದದ್ದು ಕೆರೆ ತುಂಬಿಸಲು. ಅಷ್ಟು ನೀರೇ ಅಲ್ಲಿಲ್ಲ, ಸಿಗುವುದು 9.55 ಟಿ.ಎಂ.ಸಿ. ಅಂತ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಲೆಕ್ಕ ಕೊಟ್ಟಿತು. ಖರ್ಚು ಮಾತ್ರ 2012ರ 8,323 ಕೋಟಿಯಿಂದ 2014ಕ್ಕೆ 12,912 ಕೋಟಿ, 2023ಕ್ಕೆ 23,251 ಕೋಟಿಗೆ ಏರಿತು. 2024ರ ಸೆಪ್ಟೆಂಬರ್ 6ರಂದು, ಗೌರಿ ಹಬ್ಬದ ದಿನ, ಸಕಲೇಶಪುರದ ಕಡೆ ಮೊದಲ ಹಂತದ ಉದ್ಘಾಟನೆ ಆಯಿತು. ಅಂದು ಎತ್ತಿದ ನೀರನ್ನು ಬಿಟ್ಟದ್ದು ವಾಣಿವಿಲಾಸ ಸಾಗರದ ದಿಕ್ಕಿಗೆ. ಅಡಿಗಲ್ಲು ನಮ್ಮಲ್ಲಿ, ನೀರು ಅಲ್ಲಿ! ಅಷ್ಟರಲ್ಲಿ ನಮ್ಮ ಕೆರೆಗಳ ಪಾಲಿಗೆ ಬಂದದ್ದು ಬೆಂಗಳೂರಿನ ಹೆಬ್ಬಾಳ–ನಾಗವಾರದ ಕೊಳಚೆ ನೀರು, ಅದೂ ಎರಡೇ ಹಂತ ಶುದ್ಧ ಮಾಡಿದ್ದು.

ಇದರ ಅರ್ಥ ನೀರಿನ ಮೇಲೆ ಓಟು ಹಾಕುವುದು ದಂಡ ಅಂತಲೆ? ಅಲ್ಲ. ನೀರು ಅಂತ ಬರೀ ಒಂದು ಪದ ಹಿಡಿದರೆ ಅಡಿಗಲ್ಲು ಸಿಗುತ್ತದೆ ಅಂತ. ಎಷ್ಟು ಟಿ.ಎಂ.ಸಿ., ಯಾವ ಕೆರೆಗೆ, ಯಾವ ತಿಂಗಳಿಗೆ, ಎಷ್ಟು ಹಂತ ಶುದ್ಧ ಮಾಡಿ ಅಂತ ಕೇಳಿದರೆ ಮಾತ್ರ ಅದು ಓಟಿಗೆ ತಕ್ಕ ವಿಷಯ.

ಬೆಲೆಯೂ ಹಾಗೆಯೇ. ಮುಸುಕಿನ ಜೋಳಕ್ಕೆ 2025–26ರ ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ರೂಪಾಯಿ. 2025ರ ಕೊನೆಯಲ್ಲಿ ಮಂಡಿಯಲ್ಲಿ ಅದು 2,000ಕ್ಕಿಂತ ಕೆಳಗೆ ಬಿತ್ತು. ಬೆಂಗಳೂರು ದೆಹಲಿಗೆ ಕಾಗದ ಬರೆಯಿತು, ದೆಹಲಿ ತಪ್ಪು ಬೆಂಗಳೂರಿನದೇ ಅಂದಿತು. ಇಬ್ಬರ ಜಗಳದಲ್ಲಿ ಜೋಳ ನಮ್ಮ ಕಣದಲ್ಲಿ ಬಿದ್ದಿತ್ತು. ಆದ್ದರಿಂದ ವಿಂಗಡಿಸಿ ಕೇಳಿ. ಬೆಂಬಲ ಬೆಲೆ ನಿಗದಿ ಮಾಡುವುದು ದೆಹಲಿ, ಅದನ್ನು ಲೋಕಸಭೆ ಓಟಿನಲ್ಲಿ ಕೇಳಿ. ಖರೀದಿ ಕೇಂದ್ರ ಸಕಾಲಕ್ಕೆ ತೆರೆಯುವುದು ರಾಜ್ಯದ ಕೆಲಸ, ಅದನ್ನು ವಿಧಾನಸಭೆ ಓಟಿನಲ್ಲಿ ಕೇಳಿ. ಓಟಿಗೆ ಹೆದರುವ ಸರ್ಕಾರ ಬಗ್ಗುತ್ತದೆ. ಮೂರು ಕೃಷಿ ಕಾಯಿದೆಗಳನ್ನು ವಾಪಸ್ ತೆಗೆದುಕೊಳ್ಳುತ್ತೇವೆ ಅಂತ ಪ್ರಧಾನಿ ಹೇಳಿದ್ದು 2021ರ ನವೆಂಬರ್‌ನಲ್ಲಿ. ಪಂಜಾಬು, ಉತ್ತರ ಪ್ರದೇಶದ ಚುನಾವಣೆಗೆ ಆಗ ಕೆಲವೇ ತಿಂಗಳು ಬಾಕಿ. ಒಂದು ವರ್ಷ ದೆಹಲಿ ಗಡಿಯಲ್ಲಿ ಕೂತ ರೈತರ ಹಿಂದೆ ಓಟಿನ ಲೆಕ್ಕವೂ ನಿಂತಿತ್ತು.

ಇನ್ನೊಂದು ಆಕ್ಷೇಪಣೆಗೆ ಉತ್ತರ ಹೇಳಲೇಬೇಕು. “ನೀರು ಕೊಡುವವನೇ ನಮ್ಮ ನೆಲ ಕಿತ್ತುಕೊಂಡರೆ? ಊರಿನಲ್ಲಿ ಜಾತಿ ಜಾತಿಗೆ, ಧರ್ಮ ಧರ್ಮಕ್ಕೆ ಹೊಡೆದಾಟ ಹಚ್ಚಿದರೆ?” ಈ ಪ್ರಶ್ನೆ ನ್ಯಾಯವಾದದ್ದು. ಜರಡಿ ಹಿಡಿಯದೆ ರಾಗಿ ಬೀಸುವವರುಂಟೆ? ಮೊದಲು ಜರಡಿ ಹಿಡಿಯಿರಿ. ರೈತನ ಒಪ್ಪಿಗೆಯಿಲ್ಲದೆ ನೆಲ ಕಿತ್ತುಕೊಳ್ಳುವವನು, ಊರು ಒಡೆಯುವವನು ಜರಡಿಯಲ್ಲೇ ನಿಲ್ಲಲಿ. ಕೆಳಗೆ ಬಿದ್ದವರಲ್ಲಿ ಆ ಒಂದು ವಿಷಯ ನೋಡಿ ಆರಿಸಿ. ಪಕ್ಷದ ಬಣ್ಣ ನೋಡಿ ಜರಡಿ ಹಿಡಿಯಬೇಡಿ. ಪಕ್ಕದ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದಲ್ಲಿ 1,777 ಎಕರೆ ಸ್ವಾಧೀನ ಶುರುವಾದದ್ದು ಒಂದು ಪಕ್ಷದ ಸರ್ಕಾರದಲ್ಲಿ, ಮುಂದುವರಿದದ್ದು ಇನ್ನೊಂದು ಪಕ್ಷದ ಸರ್ಕಾರದಲ್ಲಿ. ಸಾವಿರ ದಿನಕ್ಕೂ ಮೇಲೆ ರೈತರು ಧರಣಿ ಕೂತಮೇಲೆ, 2025ರ ಜುಲೈ 15ರಂದು ಸರ್ಕಾರ ಕೈಬಿಟ್ಟಿತು. ಅವರಲ್ಲಿ ಒಗ್ಗಟ್ಟು ಇಲ್ಲದಿದ್ದರೆ ಯಾವ ಪಕ್ಷ ಉಳಿಸುತ್ತಿತ್ತು?

ಈಗ ಮಾಡಬೇಕಾದದ್ದು. ಓಟು ಕೇಳಲು ಬಂದವರನ್ನು ದೇವಸ್ಥಾನದ ಮುಂದೆ ಕೂರಿಸಿ. ಹಾರ ಹಾಕುವ ಮೊದಲು ಕಾಗದ ಕೊಡಿ. ನಮ್ಮ ಕೆರೆಗೆ ಎಂಥ ನೀರು, ಎಷ್ಟು, ಯಾವಾಗ. ನಮ್ಮ ಜೋಳಕ್ಕೆ ಖರೀದಿ ಕೇಂದ್ರ ಯಾವ ತಾರೀಖಿಗೆ. ಇಷ್ಟು ಬರೆದು ರುಜು ಹಾಕಲಿ. ಕೂಲಿಕಾರರನ್ನೂ ಹೆಂಗಸರನ್ನೂ ಆ ಸಭೆಗೆ ಕರೆಯಿರಿ. ನಾವು ಜಮೀನು ಇರುವವರು ಮಾತ್ರ ಕೂತು ಮಾಡಿದ ತೀರ್ಮಾನವನ್ನು ಅವರು ಯಾಕೆ ಒಪ್ಪಬೇಕು? ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಆ ಕಾಗದ ಓದಿಸಿ. ರುಜು ಹಾಕದವನಿಗೆ ಓಟಿಲ್ಲ. ಹಾಕಿ ತಪ್ಪಿದವನಿಗೆ ಮುಂದಿನ ಸಲ ಇಲ್ಲ, ಅವನು ನಮ್ಮ ಜಾತಿಯವನಾದರೂ ಇಲ್ಲ, ನಮ್ಮ ಸಂಬಂಧಿಕನಾದರೂ ಇಲ್ಲ.

ಇದು ಆಗದ ಮಾತು ಅನ್ನಬೇಡಿ. ಐದು ಸಲ ಒಬ್ಬರನ್ನೇ ಗೆಲ್ಲಿಸಿದ ಗೌರಿಬಿದನೂರು 2023ರಲ್ಲಿ ಪಕ್ಷೇತರರನ್ನು ಆರಿಸಿತು. ಅವರು ಸರಿ, ಇವರು ತಪ್ಪು ಅಂತ ನಾನು ಹೇಳುತ್ತಿಲ್ಲ. ನಮ್ಮ ಓಟು ಯಾರ ಮನೆಯ ಕೊಟ್ಟಿಗೆಗೂ ಕಟ್ಟಿದ್ದಲ್ಲ ಅಂತ ತೋರಿಸಿದ್ದೇವೆ. ಅದನ್ನು ಈ ಸಲ ನೀರಿಗೂ ಬೆಲೆಗೂ ತೋರಿಸೋಣ. ನಿಮ್ಮ ಊರಿನಲ್ಲಿ ಸಭೆ ಕರೆಯಿರಿ, ಚುನಾವಣೆ ಪ್ರಕಟವಾಗುವ ತನಕ ಕಾಯಬೇಡಿ.