ಮೊಣಕಾಲಿನೊಳಗೊಂದು ಅಣು ಪಾಠ

ಮೂರು ದಶಕಗಳ ಕಾಲ ರಾಯಬಾಗ ತಾಲ್ಲೂಕಿನ ಪ್ರೌಢಶಾಲೆಗಳಲ್ಲಿ ವಿಜ್ಞಾನ ಕಲಿಸಿದವನು ನಾನು. ವಿಕಿರಣಶೀಲ ವಸ್ತುವಿನ ಅರ್ಧಾಯುವನ್ನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಅದು ಒಂದು ದಿನ ನಮ್ಮ ಮನೆಯ ಪಡಸಾಲೆಗೇ ಬಂದು ಕುಳಿತುಕೊಳ್ಳುವುದೆಂದು ಮಾತ್ರ ಎಣಿಸಿರಲಿಲ್ಲ.

ನನ್ನ ತಂಗಿಗೆ ಬಹುಕಾಲದಿಂದ ಸಂಧಿವಾತ. ಚಿಂಚಲಿ ಮಾಯಕ್ಕನ ಜಾತ್ರೆಗೆ ನಡೆದೇ ಹೋಗುತ್ತಿದ್ದವಳು ಹೊಸ್ತಿಲು ದಾಟಲೂ ಗೋಡೆ ಹಿಡಿಯುವಂತಾದಳು. ಔಷಧಿಗಳಿಂದ ಉಳಿದ ಕೀಲುಗಳು ತಣ್ಣಗಾದರೂ ಬಲ ಮೊಣಕಾಲಿನ ಬಾವು ಇಳಿಯಲಿಲ್ಲ. ಕೆಲವು ವರ್ಷಗಳ ಹಿಂದೆ ಮುಂಬಯಿಯ ವೈದ್ಯರೊಬ್ಬರು ಯಿಟ್ರಿಯಂ-90 ಎಂಬ ವಿಕಿರಣಶೀಲ ಚುಚ್ಚುಮದ್ದನ್ನು ಸೂಚಿಸಿದರು. ಮನೆಯಲ್ಲಿ ಗದ್ದಲವೆದ್ದಿತು. "ಅಣ್ಣಾ, ಅಣುಬಾಂಬಿನ ಮದ್ದು ಕಾಲಾಗ ತುಂಬತಾರಂತ?" ಎಂದು ಆಕೆಯೇ ಅತ್ತಳು.

ಕ್ಯಾಲೆಂಡರಿನ ಹಿಂಬದಿಯಲ್ಲಿ ನಾನು ಪಾಠ ಶುರು ಮಾಡಿದೆ. ಸಂಧಿವಾತದಲ್ಲಿ ಕೀಲಿನ ಒಳಪೊರೆ ಊದಿ ದಪ್ಪವಾಗುತ್ತದೆ. ಚುಚ್ಚಿದ ಸೂಕ್ಷ್ಮ ಕಣಗಳನ್ನು ಆ ಪೊರೆಯ ಕೋಶಗಳು ನುಂಗುತ್ತವೆ. ಅವುಗಳಿಂದ ಹೊಮ್ಮುವ ಬೀಟಾ ಕಿರಣ ಸರಾಸರಿ ಮೂರೂವರೆ ಮಿಲಿಮೀಟರಿನಷ್ಟು, ಹೆಚ್ಚೆಂದರೆ 11 ಮಿಲಿಮೀಟರ್ ದೂರ ಸಾಗಿ, ಕೆರಳಿದ ಪೊರೆಯನ್ನು ಸುಡುತ್ತದೆ. ಅರ್ಧಾಯು 64 ಗಂಟೆ. ಹತ್ತು ಅರ್ಧಾಯು, ಅಂದರೆ ಸುಮಾರು 27 ದಿನ ಕಳೆದರೆ ಉಳಿಯುವುದು ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ. ಮಿಕ್ಕಿದ್ದು ನಿರುಪದ್ರವಿ ಜಿರ್ಕೋನಿಯಂ. ಕಣಗಳು ಕೀಲಿನಿಂದ ಹೊರಗೆ ಸೋರದಂತೆ ಎರಡು ಮೂರು ದಿನ ಕಾಲು ಅಲುಗಿಸಬಾರದು. ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ, ಕೀಲಿನಲ್ಲಿ ಸೋಂಕಿರುವವರಿಗೆ ಇದು ಸಲ್ಲದು.

ಚಿಕಿತ್ಸೆ ಹೊಸದೂ ಅಲ್ಲ. 1952ರಷ್ಟು ಹಿಂದೆಯೇ ಆಸ್ಟ್ರಿಯಾದ ವೈದ್ಯರು ಇದನ್ನು ಪ್ರಯತ್ನಿಸಿದ್ದರು. ನಮ್ಮ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳೂ ಕೀಲಿಗೆ ತಕ್ಕ ಇಂತಹ ಮದ್ದುಗಳನ್ನು ರೂಪಿಸಿದ್ದಾರೆ. ಕುಸುಮರೋಗದಿಂದ ಕೀಲುಗಳಲ್ಲಿ ಪದೇ ಪದೇ ರಕ್ತ ಸುರಿಯುವ ಮಕ್ಕಳಿಗೂ ಇದನ್ನು ಬಳಸುತ್ತಾರೆ.

ತಂಗಿ ಒಪ್ಪಿದಳು. ಮೂರನೆಯ ತಿಂಗಳಿಗೆ ಬಾವು ಇಳಿಯಿತು. ಮೇಷ್ಟರ ಲೆಕ್ಕ ಗೆದ್ದಿತೆಂದು ಬೀಗಬಹುದಿತ್ತು. ಆದರೆ ಯಿಟ್ರಿಯಂ ಜೊತೆಗೆ ಸ್ಟೀರಾಯ್ಡನ್ನೂ ಚುಚ್ಚಿದ್ದರು. ನೆದರ್ಲೆಂಡ್ಸಿನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಸ್ಟೀರಾಯ್ಡ್ ಒಂದೇ ಕೊಟ್ಟವರಿಗೂ ಎರಡನ್ನೂ ಕೊಟ್ಟವರಿಗೂ ಹೆಚ್ಚಿನ ಅಂತರ ಕಾಣಲಿಲ್ಲ. ಆಕೆಯ ಕಾಲನ್ನು ಗುಣಪಡಿಸಿದ್ದು ಯಾವುದು? ನಾನು ಹೇಳಲಾರೆ. ಆದ್ದರಿಂದ ಸವೆದ ಮೊಣಕಾಲನ್ನು ಹಿಡಿದುಕೊಂಡು ಎಲ್ಲರೂ ಇದಕ್ಕಾಗಿ ಮುಂಬಯಿಗೆ ಓಡಿರೆಂದು ಬರೆಯುತ್ತಿಲ್ಲ. ಸವೆದ ಮೃದ್ವಸ್ಥಿಯನ್ನು ಈ ಕಿರಣ ಮರಳಿ ಬೆಳೆಸುವುದಿಲ್ಲ.

ನನ್ನನ್ನು ಕಾಡುವ ಮಾತು ಬೇರೆ. ವಿಕಿರಣವೆಂದಾಗ ನಡುಗಿದ ಇದೇ ಮನೆಯವರು, ಹಿಂದೆ ಸಂತೆಯಲ್ಲಿ ಸಿಕ್ಕ ಹೆಸರಿಲ್ಲದ ಪುಡಿಯನ್ನು ಎರಡು ವರ್ಷ ಆಕೆಗೆ ನಿಶ್ಚಿಂತೆಯಿಂದ ತಿನ್ನಿಸಿದ್ದೆವು. ನೋವು ಮಾಯವಾಯಿತು, ಮುಖ ದುಂಡಗಾಯಿತು, ಸಕ್ಕರೆ ಕಾಯಿಲೆ ಬಂದಿತು. ಅದರಲ್ಲಿ ಸ್ಟೀರಾಯ್ಡ್ ಬೆರೆಸಿದ್ದಿರಬೇಕೆಂದು ವೈದ್ಯರು ಹೇಳಿದಾಗ ಕಾಲ ಮೀರಿತ್ತು. ಪ್ರಮಾಣ, ಅಪಾಯ, ಅವಧಿ ಎಲ್ಲವನ್ನೂ ತಿಳಿಸಿ ಕೊಡುವ ಮದ್ದಿಗೆ ಹೆದರಿದೆವು. ಏನನ್ನೂ ತಿಳಿಸದ ಪುಡಿಗೆ ಕೈಯೊಡ್ಡಿದೆವು. ವಿಜ್ಞಾನ ಕಲಿಸಿದ ನಾನೂ ಆಗ ಪ್ರಶ್ನಿಸಲಿಲ್ಲ. ಆ ತಪ್ಪಿಗೆ ನಾನೇ ಹೊಣೆ.

ಆ ಎರಡು ವರ್ಷಗಳಲ್ಲಿ, ವಾರಕ್ಕೊಮ್ಮೆ ತೆಗೆದುಕೊಳ್ಳುವ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ವೈದ್ಯರ ನಿಗಾದಲ್ಲಿ ಆರಂಭಿಸಿದ್ದರೆ ಆಕೆಯ ಬೆರಳುಗಳು ಸೊಟ್ಟಗಾಗುತ್ತಿರಲಿಲ್ಲವೇನೋ. ದೂರದ ಅಣು ಚಿಕಿತ್ಸೆಗಿಂತ ಮೊದಲು ನಮ್ಮ ತಾಲ್ಲೂಕು ಆಸ್ಪತ್ರೆಗೆ ತಿಂಗಳಿಗೊಮ್ಮೆಯಾದರೂ ಸಂಧಿವಾತ ತಜ್ಞರು ಬರಲಿ. ಬೆಳಗಿನ ಹೊತ್ತು ಬೆರಳುಗಳು ತಾಸುಗಟ್ಟಲೆ ಬಿಗಿಯುತ್ತಿದ್ದರೆ ಅದು ವಯಸ್ಸಿನ ನೋವೆಂದು ಸುಮ್ಮನಿರಬೇಡಿರಿ. ಮದ್ದು ಯಾವುದೇ ಇರಲಿ, ಅದರ ಹೆಸರನ್ನು ಕೇಳಿ ಬರೆದಿಟ್ಟುಕೊಳ್ಳಿರಿ. ನಾನು ತಡವಾಗಿ ಕಲಿತ ಪಾಠವಿದು.