ಹುಣಸೆಯಲ್ಲದ ದೊಡ್ಡ ಹುಣಸೆ

ಈ ವಾರ ಒಂದು ಕಾಗದದಿಂದಲೇ ಸುರು ಮಾಡುತ್ತೇನೆ. ಬರೆದವನು ಸವದತ್ತಿ ತಾಲೂಕಿನ ಹೂಲಿಯ ಹುಡುಗ, ಎಂಟನೆಯ ಇಯತ್ತೆ. ಅವನ ಹೆಸರು ಇಲ್ಲಿ ಬೇಡ. ಯಾಕೆಂದು ಓದಿದರೆ ತಿಳಿದೀತು. ಕಾಗದ ಹೀಗಿದೆ:

“ಸರ್, ಶಾಲೆಯ ಪ್ರವಾಸದಲ್ಲಿ ಸವಣೂರಿಗೆ ಹೋಗಿದ್ದೆವು. ಅಲ್ಲಿ ಕಲ್ಮಠದ ದೊಡ್ಡ ಹುಣಸೆ ಗಿಡ ನೋಡಿದೆವು. ನಾವು ಹುಡುಗರು ಕೈಕೈ ಹಿಡಿದು ಸುತ್ತ ನಿಂತರೂ ಕೈ ಸಾಲಲಿಲ್ಲ. ಅದು ಆಫ್ರಿಕಾದ ಗಿಡ ಅಂತ ಗುರುಗಳು ಹೇಳಿದರು. ಹೊರಡುವಾಗ ನಮ್ಮ ಸೋದರಮಾವ, ಅಜ್ಜಿಗೆ ಆಗಾಗ ಚಳಿಜ್ವರ ಬರುತ್ತದೆ, ಆ ಗಿಡದ ತೊಗಟೆ ಒಂದು ಚೂರು ಕಿತ್ತುಕೊಂಡು ಬಾ, ಔಷಧಕ್ಕೆ ಬರುತ್ತದೆ ಅಂದಿದ್ದ. ನಾನು ತರಲಿಲ್ಲ. ಮನೆಗೆ ಬಂದಾಗ ಬೈದ. ನಾನು ಮಾಡಿದ್ದು ತಪ್ಪೇನ್ರಿ? ನಮ್ಮೂರ ಹುಣಸೀ ಗಿಡಕ್ಕೂ ಅದಕ್ಕೂ ಏನು ಸಂಬಂಧ? ಕೆಳಗೆ ಬಿದ್ದ ಎರಡು ಬೀಜ ತಂದು ನೆಟ್ಟಿದ್ದೇನೆ, ತಿಂಗಳಾದರೂ ಹುಟ್ಟಿಲ್ಲ.”

ಮೂರು ಪ್ರಶ್ನೆ. ಕೊನೆಯದು ಎಲ್ಲಕ್ಕಿಂತ ಸುಲಭ, ಅದನ್ನು ಕೊನೆಗೇ ಇಟ್ಟುಕೊಳ್ಳೋಣ. ನಡುವಿನ ಪ್ರಶ್ನೆಯಿಂದ ಸುರುವಾಗಲಿ.

ಹೆಸರು ನಂಬಿದರೆ ಮೋಸಹೋಗುತ್ತೇವೆ. ದೊಡ್ಡ ಹುಣಸೆ ಹುಣಸೆಯ ಅಣ್ಣನೂ ಅಲ್ಲ, ದೊಡ್ಡಪ್ಪನೂ ಅಲ್ಲ. ಹುಣಸೆ ತೊಗರಿ, ಕಡಲೆ, ಬನ್ನಿಯ ಬಳಗದ್ದು. ದೊಡ್ಡ ಹುಣಸೆಯನ್ನು ಜಗತ್ತು ಬಾವೊಬಾಬ್ ಎನ್ನುತ್ತದೆ. ಸಸ್ಯಶಾಸ್ತ್ರಜ್ಞರು ಕೊಟ್ಟ ಹೆಸರು ಅಡನ್ಸೋನಿಯಾ ಡಿಜಿಟೇಟಾ. ಇದರ ಬಳಗ ಬೇರೆ: ಬೂರುಗ, ಹತ್ತಿ, ಬೆಂಡೆ, ನಮ್ಮ ಪುಂಡಿ. ಸವದತ್ತಿಯ ಎರಿಹೊಲದಲ್ಲಿ ಸೊಂಟದೆತ್ತರ ನಿಂತ ಹತ್ತಿಯ ಗಿಡಕ್ಕೂ ಕಲ್ಮಠದ ಆ ಮಹಾಕಾಯಕ್ಕೂ ನಂಟು ಎಂದರೆ ನಗು ಬರುತ್ತದೆ. ಆದರೂ ನಿಜ. ಹಣ್ಣಿನ ತಿರುಳು ಹುಳಿ, ಅಷ್ಟೇ ಹುಣಸೆಯ ಹೋಲಿಕೆ. ಹಿಂದಿಯಲ್ಲಿ ಗೋರಖ ಇಮ್ಲಿ, ಮರಾಠಿಯಲ್ಲಿ ಗೋರಖ ಚಿಂಚ. ಗೋರಖನಾಥರು ಇದರ ನೆರಳಿನಲ್ಲಿ ಕುಳಿತು ಶಿಷ್ಯರಿಗೆ ಉಪದೇಶ ಮಾಡಿದರೆಂಬ ಮಾತುಂಟು. ಹುಳಿ ಕಂಡಲ್ಲೆಲ್ಲ ನಮ್ಮವರಿಗೆ ಹುಣಸೆಯೇ ನೆನಪಾಗಿದೆ.

ಇದರಲ್ಲಿ ಒಂದು ತಮಾಷೆ ಇದೆ. ಯಾವ ಹುಣಸೆಯನ್ನು ನಮ್ಮದೆಂದುಕೊಂಡು ಹೊರಗಿನ ಮರಕ್ಕೆ ಅದರ ಹೆಸರಿಟ್ಟೆವೋ, ಆ ಹುಣಸೆಯ ತವರೂ ಆಫ್ರಿಕಾವೇ ಎಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಅರಬರು ಅದನ್ನು ‘ತಮರ್ ಹಿಂದಿ’, ಅಂದರೆ ಹಿಂದೂಸ್ತಾನದ ಖರ್ಜೂರ ಎಂದು ಕರೆದು ಗೊಂದಲ ಹೆಚ್ಚಿಸಿದರು. ಬಂದು ಮೂರು ಸಾವಿರ ವರ್ಷಕ್ಕೂ ಹೆಚ್ಚಾಗಿರಬೇಕು. ಇಷ್ಟು ದಿನ ಮನೆಯಲ್ಲಿದ್ದವನನ್ನು ಬೀಗರೆನ್ನಲು ಬಾಯಿ ಬರುವುದಿಲ್ಲ. ಸಾರಿಗೆ ಹಣ್ಣು, ಹಿತ್ತಾಳೆ ಕೊಡ ತಿಕ್ಕಲು ಹಣ್ಣು, ಹುಡುಗರಿಗೆ ಬೆಲ್ಲ-ಜೀರಿಗೆ ಕುಟ್ಟಿದ ಚಿಗಳಿ, ಉಳುಕಿದ ಕಾಲಿಗೆ ಬಿಸಿ ಮಾಡಿ ಕಟ್ಟಲು ಎಲೆ, ಕಂಬಳಿ ನೇಯುವವರಿಗೆ ಬೀಜದ ಗಂಜಿ. ಜೋಳ, ಸಜ್ಜೆ, ಅಲಸಂದಿ ಕೂಡ ಆ ದಿಕ್ಕಿನಿಂದಲೇ ಬಂದವು. ನಮ್ಮ ಊಟದ ಗಂಗಾಳದ ಅರ್ಧಭಾಗ ಆಫ್ರಿಕಾದ್ದು ಎಂದರೆ ಉತ್ಪ್ರೇಕ್ಷೆಯಲ್ಲ.

ಹಾಗಾದರೆ ದೊಡ್ಡ ಹುಣಸೆಗೆ ಏನಾಯಿತು? ಅದೂ ಬಂತು, ಬೇರೂರಿತು, ಬೃಹತ್ತಾಗಿ ಬೆಳೆಯಿತು. ಆದರೆ ನಮ್ಮ ಅಡಿಗೆಮನೆಗೆ ಬರಲೇ ಇಲ್ಲ. ಸವಣೂರಿನಲ್ಲಿ ಮಠದ ಅಂಗಳದಲ್ಲಿ ನಿಂತಿತು. ವಿಜಯಪುರದಲ್ಲಿ ಹಳೆಯ ಕಟ್ಟಡಗಳ ನಡುವೆ ನಿಂತಿತು. ಹೈದರಾಬಾದಿನ ಗೋಲ್ಕೊಂಡದಲ್ಲಿ ಕೋಟೆಯೊಳಗೆ ನಿಂತಿತು. ಜನ ನೋಡಲು ಬರುತ್ತಾರೆ, ಕೈಮುಗಿಯುತ್ತಾರೆ, ಹೋಗುತ್ತಾರೆ.

ಆಫ್ರಿಕಾದಲ್ಲಿ ನೋಡಿ. ನೈಜೀರಿಯದ ಹೌಸಾ ಜನ ಇದರ ಎಲೆ ಕೊಯ್ದು ಒಣಗಿಸಿ ಪುಡಿಮಾಡಿ ಇಟ್ಟುಕೊಳ್ಳುತ್ತಾರೆ. ಅದಕ್ಕೆ ‘ಕುಕಾ’ ಎಂದು ಹೆಸರು. ನೀರಿಗೆ ಬಿದ್ದರೆ ಬೆಂಡೆಕಾಯಿಯಂತೆ ಲೋಳೆಯಾಗುತ್ತದೆ. ಅದರ ಸಾರು ಮಾಡಿ ಜೋಳದ ಸಂಗಟಿ ಅದ್ದಿಕೊಂಡು ಉಣ್ಣುತ್ತಾರೆ. ಪುಂಡಿಪಲ್ಯ ಉಂಡು ಬೆಳೆದವರಿಗೆ ಇದು ಪರದೇಶದ ಊಟ ಅನಿಸುವುದೇ ಇಲ್ಲ. ಸೆನೆಗಲ್ಲಿನಲ್ಲಿ ಅದೇ ಪುಡಿಗೆ ‘ಲಾಲೋ’. ಹಸಿರು ಸೊಪ್ಪು ಸಿಗದ ಒಣ ತಿಂಗಳುಗಳಲ್ಲಿ ಸುಣ್ಣದಂಶ, ಕಬ್ಬಿಣದಂಶ ಮಕ್ಕಳ ಹೊಟ್ಟೆಗೆ ಹೋಗುವುದು ಇದರಿಂದ.

ಹಣ್ಣು ಇನ್ನೂ ವಿಚಿತ್ರ. ಉದ್ದನೆಯ ತೊಟ್ಟಿಗೆ ಜೋತುಬಿದ್ದ ಗಟ್ಟಿ ಕಾಯಿ, ಮೇಲೆ ಮಖಮಲ್ಲಿನಂಥ ನವಿರು. ಒಡೆದರೆ ರಸ ಇಲ್ಲ. ಸುಣ್ಣದ ಹೆಂಟೆಯಂತೆ ಬೆಳ್ಳಗಿನ ಒಣ ತಿರುಳು. ಮರದಲ್ಲೇ ಒಣಗುವ ಹಣ್ಣು! ಕೆಡುವ ಭಯವಿಲ್ಲದ್ದರಿಂದ ತಿಂಗಳುಗಟ್ಟಲೆ ಇಡಬಹುದು. ಕಿತ್ತಳೆಗಿಂತ ಹಲವು ಪಟ್ಟು ‘ಸಿ’ ಜೀವಸತ್ವ ಅದರಲ್ಲಿದೆ. ನೀರಲ್ಲಿ ಕದಡಿ ಪಾನಕ ಮಾಡುತ್ತಾರೆ, ಭೇದಿ-ಆಮಶಂಕೆಯಾದ ಮಕ್ಕಳಿಗೆ ಕುಡಿಸುತ್ತಾರೆ. ತೊಗಟೆಯ ನಾರಿನಿಂದ ಹಗ್ಗ ಹೊಸೆಯುತ್ತಾರೆ. ಸುಡಾನಿನ ಕೊರ್ಡೊಫಾನ್ ಪ್ರದೇಶದಲ್ಲಂತೂ ಪೊಳ್ಳು ಕಾಂಡವನ್ನು ಮತ್ತಷ್ಟು ಕೊರೆದು, ಮಳೆಗಾಲದಲ್ಲಿ ಅದರೊಳಗೆ ನೀರು ತುಂಬಿ, ಬೇಸಿಗೆಯಿಡೀ ಕುಡಿದು ಬದುಕುತ್ತಿದ್ದರು. ಒಂದೊಂದು ಮರದಲ್ಲಿ ಸಾವಿರಾರು ಲೀಟರು. ಬರಗಾಲ ಬಲ್ಲ ನಮ್ಮ ಸೀಮೆಯವರಿಗೆ ಈ ಜಾಣತನದ ಬೆಲೆ ಬೇರೆಯವರಿಗಿಂತ ಬೇಗ ತಿಳಿಯುತ್ತದೆ. ಬಡವರ ಈ ಹಣ್ಣಿನ ಪುಡಿ 2008ರಲ್ಲಿ ಯುರೋಪಿನ ಒಕ್ಕೂಟದಿಂದ ‘ಹೊಸ ಆಹಾರ’ವೆಂದು ಒಪ್ಪಿಗೆ ಪಡೆದು ಅಂಗಡಿಗೆ ಬಂತು. ಹೊಸದಂತೆ!

ಈ ಬಳಕೆ ಭಾರತಕ್ಕೆ ಬರಲೇ ಇಲ್ಲವೆಂದಲ್ಲ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಮುಂಬಯಿಯಲ್ಲಿದ್ದ ವಿಲಿಯಂ ಡೈಮಾಕ್ ಎಂಬವರು ಪಶ್ಚಿಮ ಭಾರತದ ಮೂಲಿಕೆಗಳ ಬಗ್ಗೆ ಬರೆದರು. ಇದರ ತಿರುಳನ್ನು ಮಜ್ಜಿಗೆಯಲ್ಲಿ ಬೆರೆಸಿ ಭೇದಿಗೆ ಕೊಡುವ ರೂಢಿಯನ್ನು ಅವರು ಆ ಕಡೆ ಕಂಡಿದ್ದರು. ಕರಾವಳಿಯ ಮೀನುಗಾರರು ಒಣ ಕಾಯಿಯನ್ನು ಬಲೆಗೆ ತೇಲುಬುರುಡೆಯಾಗಿ ಕಟ್ಟುತ್ತಿದ್ದರು. ಅಂದರೆ ಸಮುದ್ರದ ದಂಡೆಯವರೆಗೆ ಮರವೂ ಬಂತು, ಅದರ ಬಳಕೆಯೂ ಬಂತು. ಘಟ್ಟ ಹತ್ತುವಾಗ ಮರ ಮೇಲೆ ಬಂತು, ಬಳಕೆ ಕೆಳಗೇ ಉಳಿಯಿತು.

ಯಾಕೆ? ತಂದವರು ಯಾರೆಂದು ಕೇಳಿಕೊಂಡರೆ ಸ್ವಲ್ಪ ಹೊಳೆಯುತ್ತದೆ. ಭಾರತದ ಬಾವೊಬಾಬ್‌ಗಳ ವಂಶವಾಹಿಗಳನ್ನು ಆಫ್ರಿಕಾದ ಮರಗಳ ಜತೆ ಹೋಲಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ನಮ್ಮ ಮರಗಳ ಮೂಲ ಆಫ್ರಿಕಾದ ಪೂರ್ವ ಕರಾವಳಿಯ ಕಡೆಗೆ ಬೊಟ್ಟು ಮಾಡುತ್ತದೆ; ಒಂದೇ ಸಲವಲ್ಲ, ಬೇರೆ ಬೇರೆ ಕಾಲದಲ್ಲಿ ಬಂದಿವೆ. ಆ ದಾರಿಯಲ್ಲಿ ಬಂದದ್ದು ಬೀಜ ಮಾತ್ರವಲ್ಲ, ಮನುಷ್ಯರೂ. ನಾವಿಕರು, ವ್ಯಾಪಾರಿಗಳು, ಸಿಪಾಯಿಗಳು, ಮಾರಾಟವಾಗಿ ಬಂದ ಗುಲಾಮರು. ಇಥಿಯೋಪಿಯದಲ್ಲಿ ಹುಟ್ಟಿ ಗುಲಾಮನಾಗಿ ಕೈಯಿಂದ ಕೈಗೆ ದಾಟಿದ ಮಲಿಕ್ ಅಂಬರ್ ಅಹಮದನಗರದ ರಾಜ್ಯವನ್ನೇ ನಡೆಸಿದ. ವಿಜಯಪುರದ ಆದಿಲಶಾಹಿ ದರಬಾರಿನಲ್ಲಿ ಇಖಲಾಸ್ ಖಾನ್ ಎಂಬ ಹಬ್ಶಿ ಮಂತ್ರಿಯಾಗಿದ್ದ. ಹಳಿಯಾಳ, ಯಲ್ಲಾಪುರ, ನಮ್ಮದೇ ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡಂಚಿನಲ್ಲಿರುವ ಸಿದ್ದಿಗಳ ಹಿರಿಯರೂ ಹೀಗೆ ಬಂದವರೇ. ಬಲವಂತದಿಂದ ಬಂದವನಿಗೆ ತನ್ನ ತಾಯಿ ಯಾವ ಸೊಪ್ಪು ಬೇಯಿಸುತ್ತಿದ್ದಳೆಂದು ನೆನಪಿದ್ದರೂ, ಕೇಳುವವರು ಯಾರು? ಇದು ನನ್ನ ಊಹೆ. ಆದರೆ ಕಲ್ಮಠದ ಮರದ ಕೆಳಗೆ ನಿಂತಾಗ ನನಗೆ ಇದೇ ತೋರುತ್ತದೆ.

ಇನ್ನು ಮೊದಲನೆಯ ಪ್ರಶ್ನೆ: ತೊಗಟೆ ಮತ್ತು ಜ್ವರ.

ಮಾವ ಹೇಳಿದ್ದು ಗಾಳಿಮಾತಲ್ಲ. ಆಫ್ರಿಕಾದಲ್ಲಿ ಈ ತೊಗಟೆಯನ್ನೂ ಎಲೆಯನ್ನೂ ಜ್ವರಕ್ಕೆ ಕೊಡುವುದುಂಟು. ಮಿಶೆಲ್ ಅಡನ್ಸನ್ ಎಂಬ ಫ್ರೆಂಚ್ ಸಸ್ಯಶಾಸ್ತ್ರಜ್ಞ 1749ರಲ್ಲಿ ಸೆನೆಗಲ್ಲಿಗೆ ಹೋಗಿ ಐದು ವರ್ಷ ಇದ್ದ. ಇದೇ ಮರದ ಕಷಾಯ ಕುಡಿದು ಜ್ವರವನ್ನು ದೂರವಿಟ್ಟೆನೆಂದು ನಂಬಿದ್ದ. ಅಡನ್ಸೋನಿಯಾ ಎಂಬ ಹೆಸರು ಅವನದೇ. ಮುಂದಿನ ಶತಮಾನದಲ್ಲಿ ಸಿಂಕೋನಾ ತೊಗಟೆ ತುಟ್ಟಿಯಾಗಿದ್ದಾಗ, ಅದರ ಬದಲು ಈ ತೊಗಟೆಯನ್ನು ಬಳಸಬಹುದೆಂದು ಯುರೋಪಿನ ಕೆಲವು ವೈದ್ಯರು ಹೇಳಿದರು, ಕೊಟ್ಟೂ ನೋಡಿದರು. ನಿಲ್ಲಲಿಲ್ಲ. ಸಿಂಕೋನಾದಿಂದ ಕ್ವಿನೈನ್ ಬಂತು, ಮಲೇರಿಯಾದ ಔಷಧವಾಗಿ ಉಳಿಯಿತು. ಬಾವೊಬಾಬ್ ತೊಗಟೆ ಹಿಂದೆ ಬಿತ್ತು. ಹಣ್ಣು ಆಹಾರವೆಂದು ನಂಬಬಹುದು. ತೊಗಟೆಯನ್ನು ಚಳಿಜ್ವರದ ಔಷಧವೆಂದು ನಂಬಲು ಆಧಾರ ಸಾಲದು.

ಆದ್ದರಿಂದ ಹೂಲಿಯ ಹುಡುಗನ ಮನೆಯವರಿಗೆ, ಅವನ ಮಾವನಿಗೂ, ಕೈಮುಗಿದು ಹೇಳುವುದು ಇಷ್ಟೇ: ಮುದುಕರಿಗೆ ನಡುಕ ಬಂದು ಜ್ವರ ಏರಿ ಇಳಿಯುತ್ತಿದ್ದರೆ ಅವರನ್ನು ಸರಕಾರಿ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆದು ಮಲೇರಿಯಾ ಇದೆಯೋ ಇಲ್ಲವೋ ಹೇಳುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ಮಲೇರಿಯಾ ಅಲ್ಲವೆಂದಾದರೆ ಬೇರೆ ಕಾರಣ ಹುಡುಕುತ್ತಾರೆ. ಮೂತ್ರದ ಸೋಂಕಿಗೂ ನಡುಕದ ಜ್ವರ ಬರುತ್ತದೆ. ಕಷಾಯ ಕುದಿಸುತ್ತ ಕಳೆದ ವಾರ ತಿರುಗಿ ಬರುವುದಿಲ್ಲ.

ಹುಡುಗ ತೊಗಟೆ ಕೀಳದೆ ಬಂದದ್ದು ಸರಿ ಎನ್ನಲು ಇನ್ನೊಂದು ಕಾರಣವೂ ಇದೆ. ಬಾವೊಬಾಬ್ ಮರಕ್ಕೆ ತೊಗಟೆ ಸುಲಿದರೂ ಮತ್ತೆ ಬೆಳೆಸಿಕೊಳ್ಳುವ ಅಪರೂಪದ ಶಕ್ತಿ ಇದೆ, ನಿಜ. ಬೇರೆ ಮರವಾದರೆ ಸುತ್ತ ಸುಲಿದರೆ ಸತ್ತೇಹೋಗುತ್ತದೆ. ಆದರೆ ಆಫ್ರಿಕಾದಲ್ಲಿ ಸುಲಿಯಲು ಊರೂರಿಗೆ ಮರಗಳಿವೆ. ಸವಣೂರಿನ ಕಲ್ಮಠದಲ್ಲಿ ಇರುವುದು ಮೂರು. ಪ್ರವಾಸಕ್ಕೆ ಬಂದ ಪ್ರತಿ ಶಾಲೆಯ ಪ್ರತಿ ಹುಡುಗ ಒಂದು ಚೂರು ಕಿತ್ತರೆ, ಹೆಸರು ಕೆತ್ತಿದರೆ? ನಾನೇನು ದೊಡ್ಡ ಮನುಷ್ಯನಲ್ಲ. ಅವನ ವಯಸ್ಸಿನಲ್ಲಿ ನಮ್ಮೂರ ಗುಡಿಯ ಹಿಂದಿನ ಆಲದ ಮರದಲ್ಲಿ ಚಾಕುವಿನಿಂದ ನನ್ನ ಹೆಸರಿನ ಮೊದಲಕ್ಷರ ಕೊರೆದವನೇ. ಮರ ಬೆಳೆದಂತೆ ಅಕ್ಷರವೂ ಅಗಲವಾಗಿ, ಊರಿಗೆ ಹೋದಾಗಲೆಲ್ಲ ನನ್ನನ್ನೇ ನೋಡುತ್ತದೆ.

ಮೂರರಲ್ಲಿ ಒಂದು ಮರದ ಕತೆಯನ್ನು ಪತ್ರಿಕೆ ಓದುವವರು ಮರೆತಿರಲಾರರು. 2023ರ ಜುಲೈ ಮಳೆಯಲ್ಲಿ ಅದು ಬುಡಸಮೇತ ಉರುಳಿಬಿತ್ತು. ಸೌದೆಗೂ ಬಾರದ ಮೆದು ಮರ, ಮುಗಿಯಿತು ಎಂದುಕೊಂಡವರೇ ಹೆಚ್ಚು. ಆದರೆ ಅರಣ್ಯ ಇಲಾಖೆಯವರು ಕೊಂಬೆಗಳನ್ನು ಸವರಿ, ಕ್ರೇನುಗಳಿಂದ ಎತ್ತಿ, ಹೊಸ ಗುಂಡಿಯಲ್ಲಿ ಮತ್ತೆ ನಿಲ್ಲಿಸಿದರು. ಮುಂದೆ ಅದು ಚಿಗುರಿತು. ಪವಾಡವೆಂದು ಕೆಲವರು ಕಾಯಿ ಒಡೆದಿರಬಹುದು, ಒಡೆಯಲಿ. ಕಾರಣ ಮರದ ಮೈಯಲ್ಲೇ ಇದೆ. ಅದರ ಕಾಂಡ ಕಟ್ಟಿಗೆ ಅನ್ನುವುದಕ್ಕಿಂತ ನೀರು ಕುಡಿದ ಸ್ಪಂಜು. ಬೇರು ಕಿತ್ತುಹೋದರೂ ಒಳಗಿನ ನೀರು, ಪಿಷ್ಟ ತಿಂಗಳುಗಟ್ಟಲೆ ಸಾಕಾಗುತ್ತವೆ. ಅಷ್ಟರಲ್ಲಿ ಹೊಸ ಬೇರು ಬಿಟ್ಟುಕೊಳ್ಳುತ್ತದೆ. ಆಫ್ರಿಕಾದಲ್ಲಿ ಅಡ್ಡಬಿದ್ದ ಬಾವೊಬಾಬ್ ಮಲಗಿದಲ್ಲೇ ಚಿಗುರುವುದುಂಟು.

ಅದರ ವಯಸ್ಸೆಷ್ಟು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಎರಡು ಸಾವಿರ ವರ್ಷ ಎನ್ನುತ್ತಾರೆ ಊರವರು. ಸುತ್ತಳತೆ ನೋಡಿ ವಯಸ್ಸು ಹೇಳುವುದು ಈ ಮರದ ಮಟ್ಟಿಗೆ ನಂಬುವಂಥದ್ದಲ್ಲ. ಹಲವು ಕಾಂಡಗಳು ಕೂಡಿ ಒಂದಾಗಿರುತ್ತವೆ, ನಡುವೆ ಪೊಳ್ಳು. ಉಂಗುರ ಎಣಿಸಲೂ ಬಾರದು. ಕಾರ್ಬನ್ ಪರೀಕ್ಷೆ ಒಂದೇ ದಾರಿ. ಜಿಂಬಾಬ್ವೆಯ ಪಾಂಕೆ ಎಂಬ ಮರ ಸುಮಾರು 2450 ವರ್ಷ ಬದುಕಿತ್ತೆಂದು ಹಾಗೆಯೇ ಕಂಡುಕೊಂಡರು. ಅದೂ ಈಗಿಲ್ಲ. ಆಫ್ರಿಕಾದ ಅತಿ ಹಳೆಯ 13 ಬಾವೊಬಾಬ್‌ಗಳಲ್ಲಿ 9 ಮರಗಳು 2005ರಿಂದ ಈಚೆಗೆ ಪೂರ್ತಿ ಸತ್ತಿವೆ ಇಲ್ಲವೆ ಅವುಗಳ ಹಳೆಯ ಭಾಗ ಕುಸಿದಿದೆ ಎಂದು 2018ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಬಿಸಿಲು ಹೆಚ್ಚಿದ್ದು, ಬರ ಬಿದ್ದದ್ದು ಕಾರಣವಿರಬಹುದೆಂದು ಅವರ ಅನುಮಾನ. ತವರಿನಲ್ಲೇ ಹಿರಿಯರು ಬೀಳುತ್ತಿರುವಾಗ ನಮ್ಮ ಸವಣೂರಿನದು ಎದ್ದು ನಿಂತಿದೆ.

ಕೊನೆಗೆ, ತಮ್ಮಾ, ನಿನ್ನ ಆ ಎರಡು ಬೀಜ. ಅವು ಸತ್ತಿಲ್ಲ. ಸಿಪ್ಪೆ ಎಷ್ಟು ಗಟ್ಟಿ ಎಂದರೆ ನೀರು ಒಳಗೆ ಹೋಗುತ್ತಲೇ ಇಲ್ಲ. ಮಣ್ಣಿನಿಂದ ತೆಗೆ. ಚಕ್ಕಾ ಆಡಲು ಹುಣಸೆ ಬೀಜವನ್ನು ಕಲ್ಲಿಗೆ ತಿಕ್ಕಿ ಬೆಳ್ಳಗೆ ಮಾಡುತ್ತೀರಲ್ಲ, ಹಾಗೆಯೇ ಒಂದು ಮಗ್ಗುಲು ತಿಕ್ಕು; ಒಳಗಿನ ಬಿಳಿ ಕಂಡ ಕೂಡಲೆ ನಿಲ್ಲಿಸು. ಒಂದು ಹಗಲು ಒಂದು ರಾತ್ರಿ ಬೆಚ್ಚಗಿನ ನೀರಿನಲ್ಲಿ ನೆನೆಹಾಕಿ, ಮರಳು ಬೆರೆಸಿದ ಮಣ್ಣಿನಲ್ಲಿ ಬೆರಳಿನ ಗೆಣ್ಣಿನಷ್ಟು ಆಳ ಊರು. ಹುಟ್ಟಿದ ಮೇಲೆ ಎಲೆ ನೋಡಿ ಗಾಬರಿಯಾಗಬೇಡ. ದೊಡ್ಡ ಮರದ ಎಲೆ ಅಂಗೈಗೆ ಐದು ಬೆರಳು ಇದ್ದಂತೆ ಇರುತ್ತದೆ, ಮರಿಗಿಡದ ಎಲೆ ಒಂದೇ. ಇದು ಬೇರೆ ಗಿಡವೆಂದು ಎಷ್ಟೋ ಮಂದಿ ಕಿತ್ತೆಸೆದಿದ್ದಾರೆ. ಬೆರಳುಗಳು ಬರಲು ಸಮಯ ಹಿಡಿಯುತ್ತದೆ. ಮೊದಲ ಎರಡು ವರ್ಷ ಆಡು ತಿನ್ನದಂತೆ ಬೇಲಿ ಕಟ್ಟು. ಮತ್ತೆ, ಮನೆಯ ಗೋಡೆಯ ಹತ್ತಿರ ಮಾತ್ರ ನೆಡಬೇಡ. ಹೊಲದ ಬದುವಿನ ಕೊನೆ ಇದ್ದರೆ ಅಪ್ಪನನ್ನು ಕೇಳಿ ಅಲ್ಲಿ ನೆಡು. ಹುಟ್ಟಿದರೆ ಒಂದು ಕಾರ್ಡು ಬರೆ. ಅಜ್ಜಿಯ ರಕ್ತಪರೀಕ್ಷೆ ಏನಾಯಿತು ಅನ್ನುವುದನ್ನೂ ಅದರಲ್ಲೇ ಬರೆ.